ಓದುಗರ ಪ್ರಶ್ನೆ: ಟೈಮಿಂಗ್ ಚೈನ್ ಮನೆಯಲ್ಲೇ ಬದಲಿಸಬಹುದೇ?

ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮನ್ನೂ ಒಂದೇ ಲಯದಲ್ಲಿ ತಿರುಗಿಸುವುದು ಎಂಜಿನಿನ ಟೈಮಿಂಗ್ ಚೈನ್. ಅದರ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಹಿಂದೆ ಹಲವು ಸಲ ಉತ್ತರಿಸಿದವೇ. ಅವನ್ನು ಚುಟುಕಾಗಿ ಮುಗಿಸಿ, ಸುರತ್ಕಲ್‌ನ ಓದುಗರೊಬ್ಬರ ಪ್ರಶ್ನೆಗೆ ಉಳಿದ ಜಾಗ ಕೊಡುತ್ತೇನೆ. ಟಿಡಿಸಿ ಎಂದರೇನು, ಟಾರ್ಕ್ ರೆಂಚ್ ಬಳಸುವುದು ಹೇಗೆ ಎಂದು ಇಲ್ಲಿ ವಿವರಿಸುವುದಿಲ್ಲ. ಅಷ್ಟು ಗೊತ್ತಿಲ್ಲದವರು ಈ ಕೆಲಸಕ್ಕೆ ಕೈಹಾಕಲೇಬಾರದು.

ಪ್ರಶ್ನೆ: ಚೈನನ್ನು 60,000 ಕಿಲೋಮೀಟರ್‌ಗೆ ಬದಲಿಸಬೇಕೆನ್ನುತ್ತಾರೆ, ಹೌದೇ? (ಕಾಪು)

ಅದು ಬೆಲ್ಟಿನ ಲೆಕ್ಕ. ಮಾರುತಿ 800, ಹಳೆಯ ಸ್ಯಾಂಟ್ರೊ, 2.5 ಡೀಸೆಲ್ ಇನ್ನೋವಾ ಇವುಗಳಲ್ಲಿ ಇರುವುದು ರಬ್ಬರ್ ಬೆಲ್ಟ್. ಅದಕ್ಕೆ ಕಂಪೆನಿ ಕಿಲೋಮೀಟರ್ ನಿಗದಿ ಮಾಡಿರುತ್ತದೆ, ಮೀರಿದರೆ ಎಂಜಿನ್ ಹೋಗಬಹುದು. ಕೆ-ಸೀರೀಸ್ ಸ್ವಿಫ್ಟ್, 1.2 ಕಪ್ಪಾ ಎಂಜಿನಿನ ಐ10, ಐ-ವಿಟೆಕ್ ಸಿಟಿ ಇವುಗಳಲ್ಲಿ ಇರುವುದು ಚೈನ್. ಅದನ್ನು ಬದಲಿಸಲು ನಿಗದಿಯಾದ ಕಿಲೋಮೀಟರ್ ಇಲ್ಲ. ಆಯಿಲ್ ಸಮಯಕ್ಕೆ ಬದಲಿಸಿದ ಎಂಜಿನಿನಲ್ಲಿ ಎರಡು ಲಕ್ಷ ದಾಟಿದರೂ ಚೈನ್ ಗಟ್ಟಿಯಾಗಿರುತ್ತದೆ, ಬದಲಿಸದೆ ಓಡಿಸಿದ್ದರಲ್ಲಿ ಎಂಬತ್ತು ಸಾವಿರಕ್ಕೇ ಸವೆಯುತ್ತದೆ. "ಅರವತ್ತು ಸಾವಿರ ಆಯಿತು, ಚೈನ್ ಹಾಕಿಸಿ" ಎನ್ನುವ ಗ್ಯಾರೇಜಿನವರಿಗೆ ಬೆಲ್ಟ್ ಯಾವುದು, ಚೈನ್ ಯಾವುದು ಎಂಬುದೇ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲವೆಂದು ಅವರಿಗೆ ಗೊತ್ತಿದೆ.

ಪ್ರಶ್ನೆ: ಚೈನ್ ಶಬ್ದಕ್ಕೆ 20ಡಬ್ಲ್ಯು-50 ಆಯಿಲ್ ಹಾಕಿದರೆ ಸರಿಹೋಗುತ್ತದಂತೆ. ಜೊತೆಗೆ ಒಂದು ಬಾಟಲಿ ಅಡಿಟಿವ್ ಹಾಕಲೂ ಹೇಳಿದ್ದಾರೆ. (ಬಂಟ್ವಾಳ)

ಹಾಕಬೇಡಿ. ದಪ್ಪ ಆಯಿಲ್ ಶಬ್ದವನ್ನು ಕೆಲವು ದಿನ ಅಡಗಿಸುತ್ತದೆ, ಚೈನಿನ ಕೊಂಡಿಗಳ ಸವೆದ ಪಿನ್ನನ್ನು ಮರಳಿ ತುಂಬುವುದಿಲ್ಲ. 5ಡಬ್ಲ್ಯು-30ಕ್ಕೆಂದು ಮಾಡಿದ ಸಣ್ಣ ರಂಧ್ರಗಳಲ್ಲಿ ದಪ್ಪ ಆಯಿಲ್ ಹರಿದು ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ತಲಪಲು ಇನ್ನಷ್ಟು ತಡವಾಗುತ್ತದೆ. ಹಾಗಾಗಿ ಚೈನಿಗೆ ಏಟು ಬೀಳುವ ಮೊದಲ ಕೆಲವು ಸೆಕೆಂಡು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ವಿವಿಟಿ (ವಾಲ್ವ್ ತೆರೆಯುವ ಸಮಯವನ್ನು ಎಂಜಿನ್ ಓಡುವಾಗಲೇ ಬದಲಿಸುವ ವ್ಯವಸ್ಥೆ) ಇರುವ ಎಂಜಿನಾದರೆ ಅದೂ ತಪ್ಪಿ ನಡೆಯುತ್ತದೆ. ಬಾಟಲಿಯಿಂದ ಚೈನ್ ಗಿಡ್ಡವಾಗುವುದಿಲ್ಲ. ಇದನ್ನು ಮಾರುವವರು ನಿಮ್ಮ ಹಣವನ್ನು ಮಾತ್ರವಲ್ಲ, ರಿಪೇರಿಗೆ ಉಳಿದಿದ್ದ ಸಮಯವನ್ನೂ ತಿನ್ನುತ್ತಾರೆ.

ಪ್ರಶ್ನೆ: ಬೆಲ್ಟ್ ಎಂಜಿನನ್ನು ಚೈನ್‌ಗೆ ಬದಲಿಸಬಹುದೇ? (ಮೂಡುಬಿದಿರೆ)

ಇಲ್ಲ.

ಪ್ರಶ್ನೆ: 2012ರ ಸ್ವಿಫ್ಟ್ ಪೆಟ್ರೋಲ್, 1,45,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನಾಲ್ಕೈದು ಸೆಕೆಂಡು ಗರಗರ ಶಬ್ದ. ಚೆಕ್ ಎಂಜಿನ್ ಲೈಟ್ ಬಂದಿದೆ, ಕೋಡ್ ಪಿ0016. ಗ್ಯಾರೇಜಿನವರು ಟೈಮಿಂಗ್ ಚೈನ್ ಅಂದರು. ಕ್ಲಚ್, ಬ್ರೇಕ್ ಕೆಲಸವನ್ನೆಲ್ಲ ಮನೆಯಲ್ಲೇ ಮಾಡಿಕೊಂಡವನು ನಾನು. ಇದನ್ನೂ ಮನೆ ಅಂಗಳದಲ್ಲಿ ಮಾಡಬಹುದೇ? (ಸುರತ್ಕಲ್)

ಮಾಡಬಹುದು. ಕ್ಲಚ್ ಇಳಿಸಿ ಏರಿಸಿದವರಿಗೆ ಇದು ಕೈಮೀರಿದ ಕೆಲಸವಲ್ಲ. ಆದರೆ ಕ್ಲಚ್ ಕೆಲಸದಲ್ಲಿ ತಪ್ಪಿದರೆ ಮತ್ತೆ ಬಿಚ್ಚಬಹುದು. ಇಲ್ಲಿ ಎರಡು ಮೂರು ಹಲ್ಲು ತಪ್ಪಿಸಿ ಸ್ಟಾರ್ಟ್ ಮಾಡಿದಿರೋ, ಪಿಸ್ಟನ್ ವಾಲ್ವ್‌ಗೆ ಬಡಿದು ಹೆಡ್ ಇಳಿಸಬೇಕಾಗುತ್ತದೆ. ಪೂರ್ತಿ ಎರಡು ದಿನ ಇಟ್ಟುಕೊಳ್ಳಿ. ಸೋಮವಾರ ಬೆಳಿಗ್ಗೆ ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗಬೇಕು ಎನ್ನುವವರು ಶುರುಮಾಡಬೇಡಿ. ಅವಸರದಲ್ಲೇ ಹಲ್ಲು ತಪ್ಪುವುದು.

ಮೊದಲು ಅದು ಚೈನೇ ಹೌದೇ ಎಂದು ಖಚಿತಮಾಡಿ. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕೆಳಗಿನ ಗುರುತಿಗಿಂತ ಇಳಿದಿದ್ದರೆ ಟೆನ್ಷನರ್‌ಗೆ ಒತ್ತಡ ಸಿಗದೆ ಒಳ್ಳೆಯ ಚೈನೂ ಸದ್ದು ಮಾಡುತ್ತದೆ. ಕಳಪೆ ಆಯಿಲ್ ಫಿಲ್ಟರ್ ಹಾಕಿದ್ದರೂ ಹಾಗೆಯೇ: ಅದರೊಳಗಿನ ಹಿಮ್ಮುಖ ತಡೆಯುವ ರಬ್ಬರ್ ವಾಲ್ವ್ ಸರಿಯಿಲ್ಲದಿದ್ದರೆ ರಾತ್ರಿಯಿಡೀ ಆಯಿಲ್ ಕೆಳಗಿಳಿದು, ಬೆಳಿಗ್ಗೆ ನಾಳಗಳು ಬರಿದಾಗಿರುತ್ತವೆ. ಒಳ್ಳೆಯ ಫಿಲ್ಟರ್, ಹೊಸ ಆಯಿಲ್ ಹಾಕಿ ಒಂದು ವಾರ ಕೇಳಿ. ಆಮೇಲೆ ಫ್ಯಾನ್ ಬೆಲ್ಟ್ ಕಳಚಿ ಅರ್ಧ ನಿಮಿಷ ಮಾತ್ರ ಎಂಜಿನ್ ಓಡಿಸಿ. ಸದ್ದು ನಿಂತರೆ ಆ ಬೆಲ್ಟ್ ತಿರುಗಿಸುವ ಆಲ್ಟರ್ನೇಟರ್, ಐಡ್ಲರ್ ಇಂಥವುಗಳ ಬೇರಿಂಗ್ ಹೋಗಿದೆ, ಚೈನ್ ಅಲ್ಲ. ವಿವಿಟಿ ಗೇರಿನ ಲಾಕ್ ಪಿನ್ ಸವೆದರೂ ತಣ್ಣಗಿನ ಸ್ಟಾರ್ಟ್‌ನಲ್ಲಿ ಇದೇ ತರಹದ ಶಬ್ದ ಬರುತ್ತದೆ. ಆಗ ಬದಲಿಸಬೇಕಾದದ್ದು ಆ ಗೇರನ್ನು.

ಪಿ0016 ಎಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ಹೊಂದಾಣಿಕೆಯಲ್ಲಿಲ್ಲ ಎಂದಷ್ಟೇ. ಚೈನ್ ಹಾಳು ಎಂದು ಅದು ಹೇಳುವುದಿಲ್ಲ. ಕೊಳೆ ಕಟ್ಟಿದ, ವಿವಿಟಿಗೆ ಆಯಿಲ್ ಬಿಡುವ ಆಯಿಲ್ ಕಂಟ್ರೋಲ್ ವಾಲ್ವ್‌ನಿಂದಲೂ ಅದು ಬರಬಹುದು. ಆ ವಾಲ್ವ್ ಕಳಚಿ ಅದರ ಜಾಲರಿ ನೋಡುವುದು ಹತ್ತು ನಿಮಿಷದ ಕೆಲಸ. ಅದನ್ನೂ ಮಾಡದೆ ಚೈನ್ ಎಂದು ತೀರ್ಪು ಕೊಟ್ಟಿದ್ದರೆ ನಂಬಬೇಡಿ. ಇಷ್ಟೆಲ್ಲ ನೋಡಿದ ಮೇಲೂ ಸದ್ದು ಮತ್ತು ಕೋಡ್ ಎರಡೂ ಉಳಿದಿದ್ದರೆ ಕವರ್ ಬಿಚ್ಚಲು ಕಾರಣವಿದೆ.

ಚೈನ್ ಉದ್ದವಾಗುವುದು ಕಬ್ಬಿಣ ಹಿಗ್ಗಿ ಅಲ್ಲ. ಪ್ರತಿ ಕೊಂಡಿಯ ಪಿನ್ನೂ ಅದರ ಬುಷ್ಷೂ ಕೊಳಕು ಆಯಿಲ್‌ನಲ್ಲಿ ಉಜ್ಜಿ ಸವೆಯುತ್ತವೆ. ಒಂದು ಕೊಂಡಿಯಲ್ಲಿ 0.03 ಮಿ.ಮೀ. ಸವೆದರೆ ಕಣ್ಣಿಗೆ ಕಾಣದು, 120 ಕೊಂಡಿಗಳಲ್ಲಿ ಅದು 3.6 ಮಿ.ಮೀ. ಆಗುತ್ತದೆ. ಅಷ್ಟು ಸಡಿಲ ಬಂದಾಗ ಕ್ಯಾಮ್ ಹಿಂದೆ ಬೀಳುತ್ತದೆ, ಟೆನ್ಷನರ್‌ನ ಪ್ಲಂಜರ್ ಕೊನೆಯ ಹಲ್ಲಿನವರೆಗೆ ಹೊರಬಂದು ಇನ್ನು ಒತ್ತಲಾರದೆ ನಿಲ್ಲುತ್ತದೆ. ಹಂಪನಕಟ್ಟೆಯ ಟ್ರಾಫಿಕ್ಕಿನಲ್ಲಿ ದಿನಾ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಇದು ಬೇಗ ಆಗುತ್ತದೆ. ಎಂಜಿನ್ ಸರಿಯಾಗಿ ಬಿಸಿಯಾಗದೆ ಪೆಟ್ರೋಲೂ ನೀರಿನಂಶವೂ ಆಯಿಲ್‌ನಲ್ಲೇ ಉಳಿಯುತ್ತವೆ. ಅಂಥವರು ಕಿಲೋಮೀಟರ್ ಆಗಲಿಲ್ಲವೆಂದು ಎರಡು ವರ್ಷ ಅದೇ ಆಯಿಲ್‌ನಲ್ಲಿ ಓಡಿಸಬಾರದು.

ಸಾಮಾನು. ಚೈನ್, ಟೆನ್ಷನರ್, ಚೈನ್ ಜಾರುವ ಎರಡೂ ಗೈಡ್, ಕ್ರ್ಯಾಂಕ್ ಸ್ಪ್ರಾಕೆಟ್ (ಹಲ್ಲುಚಕ್ರ), ಕ್ರ್ಯಾಂಕ್‌ನ ಮುಂದಿನ ಆಯಿಲ್ ಸೀಲ್, ಟ್ಯಾಪೆಟ್ ಕವರ್ ಗ್ಯಾಸ್ಕೆಟ್, ಪ್ಲಗ್ ಟ್ಯೂಬ್ ಸೀಲ್‌ಗಳು, ಕವರಿನ ಒಳಗಿನ ಓ-ರಿಂಗ್‌ಗಳು. ಮ್ಯಾನುವಲ್ ಹೇಳಿದ್ದರೆ ಹೊಸ ಪುಲ್ಲಿ ಬೋಲ್ಟ್. ಆರ್‌ಟಿವಿ ಸಿಲಿಕೋನ್ (ಆಯಿಲ್ ಸೋರದಂತೆ ಕವರಿಗೆ ಹಚ್ಚುವ ಅಂಟು) ಒಂದು ಟ್ಯೂಬ್, ಬ್ರೇಕ್ ಕ್ಲೀನರ್ ಎರಡು ಡಬ್ಬ, ಫಿಲ್ಟರ್, ಆಯಿಲ್ ನಾಲ್ಕು ಲೀಟರ್. ಛಾಸಿ ನಂಬರ್ ಕೊಟ್ಟೇ ಬಿಡಿಭಾಗ ತೆಗೆದುಕೊಳ್ಳಿ. ಒಂದೇ ಹೆಸರಿನ ಕಾರಿಗೆ ವರ್ಷದಿಂದ ವರ್ಷಕ್ಕೆ ಚೈನ್ ಬೇರೆಯಾಗುತ್ತದೆ. ಟಾರ್ಕ್ ರೆಂಚ್ ಎರಡು ಬೇಕು: 5ರಿಂದ 25 ನ್ಯೂಟನ್ ಮೀಟರಿನದ್ದು ಒಂದು, 40ರಿಂದ 200ರದ್ದು ಒಂದು. ದೊಡ್ಡದರಲ್ಲಿ ಎಂ6 ಬೋಲ್ಟ್ ಬಿಗಿದರೆ ಕಿಟ್ಟೆಂದು ಮುರಿಯುತ್ತದೆ. ಎಂ6ಕ್ಕೆ ಸುಮಾರು 10, ಎಂ8ಕ್ಕೆ 20ರಿಂದ 25, ಕ್ರ್ಯಾಂಕ್ ಪುಲ್ಲಿಗೆ ಎಂಜಿನ್ ನೋಡಿಕೊಂಡು 100ರಿಂದ 200 ಎಂಬುದು ಅಂದಾಜಿಗಷ್ಟೇ. ನಿಮ್ಮ ಎಂಜಿನಿನ ವರ್ಕ್‌ಶಾಪ್ ಮ್ಯಾನುವಲ್ ಕೈಯಲ್ಲಿಲ್ಲದೆ ಮೊದಲ ಬೋಲ್ಟನ್ನೂ ಮುಟ್ಟಬೇಡಿ. ವೀಡಿಯೊ ಮ್ಯಾನುವಲ್‌ಗೆ ಬದಲಿಯಲ್ಲ. ಅದರಲ್ಲಿರುವುದು ಬೇರೆ ವರ್ಷದ ಎಂಜಿನ್ ಆಗಿರಬಹುದು.

ಅಂಗಳಕ್ಕೆ ಇಂಟರ್‌ಲಾಕ್ ಹಾಸಿದ್ದರೆ ಜಾಕ್ ಮತ್ತು ಸ್ಟ್ಯಾಂಡಿನ ಕೆಳಗೆ ಒಂದೂವರೆ ಇಂಚು ದಪ್ಪದ ಹಲಗೆ ಇಡಿ, ಇಲ್ಲದಿದ್ದರೆ ಭಾರಕ್ಕೆ ಕಲ್ಲು ಕುಸಿದು ಸ್ಟ್ಯಾಂಡ್ ವಾಲುತ್ತದೆ. ನಮ್ಮ ಕಡೆಯ ಮನೆಗಳ ಅಂಗಳ ಗೇಟಿನ ಕಡೆ ಇಳಿಜಾರಾಗಿರುವುದೇ ಹೆಚ್ಚು. ಅಂಥಲ್ಲಿ ಕಾರು ಎತ್ತಬೇಡಿ, ಸಮತಟ್ಟಾದ ಜಾಗ ಹುಡುಕಿ. ಬರೀ ಜಾಕ್ ನಂಬಿ ಕೆಳಗೆ ತಲೆ ಹಾಕಲೇಬೇಡಿ ಮಾರಾಯ್ರೆ.

ಬ್ಯಾಟರಿಯ ನೆಗೆಟಿವ್ ಕಳಚಿ, ಆಯಿಲ್ ಇಳಿಸಿ. ಬಲ ಮುಂಚಕ್ರ, ಒಳಗಿನ ಪ್ಲಾಸ್ಟಿಕ್ ಲೈನರ್, ಫ್ಯಾನ್ ಬೆಲ್ಟ್ ತೆಗೆಯಿರಿ. ಕಾಯಿಲ್, ಪ್ಲಗ್, ಟ್ಯಾಪೆಟ್ ಕವರ್ ತೆಗೆಯಿರಿ. ಎಂಜಿನಿನ ಕೆಳಗೆ ಹಲಗೆ ಇಟ್ಟು ಎರಡನೇ ಜಾಕ್ ಕೊಟ್ಟ ಮೇಲೆಯೇ ಬಲಗಡೆಯ ಮೌಂಟಿಂಗ್ ಬಿಚ್ಚಬೇಕು. ಹಲಗೆ ಇಲ್ಲದೆ ಜಾಕ್ ಕೊಟ್ಟರೆ ಆಯಿಲ್ ಚೇಂಬರ್ ತಗ್ಗಿ ಒಳಗಿನ ಸ್ಟ್ರೈನರ್‌ಗೆ ಅಂಟುತ್ತದೆ, ಪಂಪ್ ಆಯಿಲ್ ಎಳೆಯುವುದಿಲ್ಲ.

ಒಂದನೇ ಸಿಲಿಂಡರನ್ನು ಕಂಪ್ರೆಶನ್ ಟಿಡಿಸಿಗೆ ತನ್ನಿ. ಪುಲ್ಲಿಯ ಗುರುತು ಸೊನ್ನೆಗೆ ಬಂದರೆ ಸಾಲದು, ಆ ಸಿಲಿಂಡರಿನ ವಾಲ್ವ್‌ಗಳೆಲ್ಲ ಮುಚ್ಚಿರಬೇಕು, ಸ್ಪ್ರಾಕೆಟ್ಟುಗಳ ಗುರುತು ಮ್ಯಾನುವಲ್ ತೋರಿಸಿದಲ್ಲಿ ಇರಬೇಕು. ಕ್ರ್ಯಾಂಕನ್ನು ಎಂಜಿನ್ ಓಡುವ ದಿಕ್ಕಿಗೆ ಮಾತ್ರ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಬಿಗಿಯಾಗಿರಬೇಕಾದ ಕಡೆ ಸಡಿಲಾಗಿ, ಸವೆದ ಚೈನ್ ಅಲ್ಲೇ ಹಲ್ಲು ಹಾರುತ್ತದೆ. ಗುರುತು ದಾಟಿಹೋದರೆ ಹಿಂದೆ ಬರಬೇಡಿ, ಇನ್ನೆರಡು ಸುತ್ತು ಮುಂದೆ ಹೋಗಿ ಬನ್ನಿ.

ಸುರತ್ಕಲ್, ಪಣಂಬೂರು, ಮಲ್ಪೆ ಕಡೆಯ ಕಾರುಗಳಲ್ಲಿ ಉಪ್ಪುಗಾಳಿಗೆ ಪುಲ್ಲಿ ಬೋಲ್ಟ್ ಹಿಡಿದು ಕೂತಿರುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಪುಲ್ಲಿ ಹಿಡಿಯಲು ಹೋಲ್ಡರ್ ಬೇಕು, ಪಟ್ಟಿ ಕಬ್ಬಿಣಕ್ಕೆ ಎರಡು ಬೋಲ್ಟ್ ಬೆಸುಗೆ ಹಾಕಿಸಿ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಸಾಕೆಟ್ಟಿನ ಹಿಡಿಯನ್ನು ನೆಲಕ್ಕೆ ಆನಿಸಿ ಸ್ಟಾರ್ಟರ್ ಹೊಡೆಸಿ ಬೋಲ್ಟ್ ಬಿಡಿಸುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಹಿಡಿ ಜಾರಿದರೆ ಕೈ ಮುರಿಯುತ್ತದೆ. ಪುಲ್ಲಿ ಎಳೆಯಲು ಅಂಚಿಗೆ ಪುಲ್ಲರ್ ಹಾಕಬಾರದು. ಹೊರಗಿನ ಉಂಗುರಕ್ಕೂ ಒಳಗಿನ ಹಬ್‌ಗೂ ನಡುವೆ ರಬ್ಬರ್ ಇದೆ, ಅದು ಹರಿಯುತ್ತದೆ. ಹಬ್‌ನಲ್ಲಿರುವ ಥ್ರೆಡ್ ಇರುವ ತೂತುಗಳಿಗೆ ಬೋಲ್ಟ್ ಕೊಟ್ಟು ಎಳೆಯಿರಿ.

ಟೈಮಿಂಗ್ ಕವರಿನ ಬೋಲ್ಟುಗಳು ಬೇರೆ ಬೇರೆ ಉದ್ದದವು. ರಟ್ಟಿನ ಮೇಲೆ ಕವರಿನ ಆಕಾರ ಬರೆದು, ತೂತು ಮಾಡಿ, ಬಂದ ಜಾಗದಲ್ಲೇ ಚುಚ್ಚಿಡಿ. ಉದ್ದದ ಬೋಲ್ಟನ್ನು ಗಿಡ್ಡದರ ಜಾಗಕ್ಕೆ ಬಿಗಿದು ಅಲ್ಯೂಮಿನಿಯಂ ಸೀಳಿದರೆ ಅದಕ್ಕೆ ಔಷಧಿಯಿಲ್ಲ. ಕವರ್ ಸಿಲಿಕೋನಿಗೆ ಅಂಟಿರುತ್ತದೆ. ಮೀಟಲು ಬಿಟ್ಟ ಜಾಗದಲ್ಲಿ ಮಾತ್ರ ಮೀಟಿ, ಮುಖದ ನಡುವೆ ಸ್ಕ್ರೂಡ್ರೈವರ್ ತೂರಿಸಿದಲ್ಲಿ ಮುಂದೆ ಆಯಿಲ್ ಜಿನುಗುವುದು ಖಂಡಿತ.

ಈಗ ಟೆನ್ಷನರ್‌ನ ಪ್ಲಂಜರ್ ಎಷ್ಟು ಹೊರಬಂದಿದೆ ನೋಡಿ. ರ್ಯಾಚೆಟ್ ಸಡಿಲಿಸಿ, ಪ್ಲಂಜರ್ ಒಳಗೆ ಒತ್ತಿ, ತೂತಿಗೆ ತೆಳು ತಂತಿ ಕೊಟ್ಟು ಲಾಕ್ ಮಾಡಿ ಕಳಚಿ. ನಂತರ ಗೈಡ್‌ಗಳು, ಕೊನೆಗೆ ಚೈನ್. ಚೈನ್ ಹೊರಗಿರುವಾಗ ಕ್ಯಾಮ್ ಅಥವಾ ಕ್ರ್ಯಾಂಕನ್ನು ಒಂದೊಂದಾಗಿ ತಿರುಗಿಸಬಾರದು. ಕ್ಯಾಮ್ ತಾನಾಗಿ ಜಿಗಿದು ತಿರುಗಿಬಿಟ್ಟರೆ ಅದನ್ನು ಅಲ್ಲೇ ಬಿಟ್ಟು, ಕ್ರ್ಯಾಂಕನ್ನು ಟಿಡಿಸಿಯಿಂದ 90 ಡಿಗ್ರಿ ಹಿಂದೆ ತನ್ನಿ, ತಡೆದಲ್ಲಿ ಬಲ ಹಾಕದೆ. ಆಗ ನಾಲ್ಕೂ ಪಿಸ್ಟನ್ ನಡುಮಟ್ಟದಲ್ಲಿರುತ್ತವೆ. ಕ್ಯಾಮ್ ಸರಿಪಡಿಸಿ ಮತ್ತೆ ಕ್ರ್ಯಾಂಕನ್ನು ಮೇಲೆ ತನ್ನಿ.

ಹಳೆಯ ಚೈನನ್ನೂ ಹೊಸದನ್ನೂ ಒಂದೇ ಮೊಳೆಗೆ ನೇತುಹಾಕಿ. ಕೊಂಡಿಗಳ ಎಣಿಕೆ ಒಂದೇ ಇದ್ದು ಹಳೆಯದು ಕೆಳಗೆ ಇಳಿದಿದ್ದರೆ ಗ್ಯಾರೇಜಿನವರ ಮಾತು ಸರಿ. ಗೈಡಿನ ಪ್ಲಾಸ್ಟಿಕ್‌ನಲ್ಲಿ ಎರಡು ಗೀರು ಇದ್ದರೆ ಅದು ಸಹಜ ಸವೆತ. ಅಂಚಿನಿಂದ ತುಂಡು ಹೋಗಿದ್ದರೆ ಕೆಲಸ ದೊಡ್ಡದಾಯಿತು, ಆಯಿಲ್ ಚೇಂಬರ್ ಇಳಿಸಲೇಬೇಕು. ಚೇಂಬರಿನ ತಳದಲ್ಲಿ ಕಪ್ಪು ಕೆಸರಿನೊಳಗೆ ಬೆರಳಾಡಿಸಿದರೆ ಅಕ್ಕಿಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಚೂರುಗಳು ಸಿಗುತ್ತವೆ. ಉಳಿದವು ಸ್ಟ್ರೈನರಿನ ಜಾಲರಿಗೆ ಅಂಟಿರುತ್ತವೆ. ಇದನ್ನು ಬಿಟ್ಟು ಮೇಲೆ ಹೊಸ ಚೈನ್ ಹಾಕಿದವರ ಎಂಜಿನ್, ಶಿರಾಡಿ ಘಾಟಿ ಏರುವಾಗ ಆಯಿಲ್ ಒತ್ತಡ ಬಿದ್ದು ಬೇರಿಂಗ್ ಕಚ್ಚುತ್ತದೆ. ಕೊನೆಗೆ ಬೈಗುಳ ತಿನ್ನುವುದು ಚೈನ್.

ಹೊಸ ಚೈನಿಗೆ ಹೊಸ ಎಂಜಿನ್ ಆಯಿಲ್ ಸವರಿ ಕೂರಿಸಿ. ಬಣ್ಣದ ಕೊಂಡಿಗಳು ಮೂರೂ ಸ್ಪ್ರಾಕೆಟ್ಟುಗಳ ಗುರುತಿಗೆ ಸೇರಬೇಕು. ಸಡಿಲವೆಲ್ಲ ಟೆನ್ಷನರ್ ಕಡೆಗೇ ಬರಬೇಕು. ಇನ್ನೊಂದು ಕಡೆ, ಸ್ಥಿರ ಗೈಡಿನ ಮೇಲೆ, ಬೆರಳಿಟ್ಟು ಒತ್ತಿದರೆ ಚೈನ್ ಸ್ವಲ್ಪವೂ ಅಲುಗಬಾರದು. ವಿವಿಟಿ ಗೇರ್ ಲಾಕ್ ಆದ ಸ್ಥಿತಿಯಲ್ಲೇ ಇದೆಯೇ ಎಂದು ಕೈಯಲ್ಲಿ ಅಲುಗಿಸಿ ನೋಡಿ, ಇಲ್ಲದಿದ್ದರೆ ಗುರುತೆಲ್ಲ ಸರಿ ಕಂಡರೂ ಟೈಮಿಂಗ್ ತಪ್ಪಿರುತ್ತದೆ. ಎಲ್ಲ ಬೋಲ್ಟ್ ಟಾರ್ಕ್ ಆದ ಮೇಲೆ ಟೆನ್ಷನರ್‌ನ ತಂತಿ ಎಳೆಯಿರಿ, ಗುರುತುಗಳನ್ನು ಇನ್ನೊಮ್ಮೆ ನೋಡಿ. ಆಮೇಲೆ ಕ್ರ್ಯಾಂಕನ್ನು ಕೈಯಿಂದ ನಿಧಾನಕ್ಕೆ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ನಿಲ್ಲಿಸಿ, ಅದು ವಾಲ್ವ್.

"ಎರಡು ಸುತ್ತಾದ ಮೇಲೆ ಬಣ್ಣದ ಕೊಂಡಿಗಳು ಗುರುತಿಗೆ ಸೇರುತ್ತಿಲ್ಲ" ಎಂದು ಗಾಬರಿಯಾಗಿ ಮತ್ತೆ ಬಿಚ್ಚುವವರು ತುಂಬ ಮಂದಿ. ಸೇರಬೇಕಾಗಿಲ್ಲ. ಕ್ರ್ಯಾಂಕ್ ಸ್ಪ್ರಾಕೆಟ್ಟಿಗೆ 18 ಹಲ್ಲು, ಚೈನಿಗೆ 120 ಕೊಂಡಿ ಎಂದಿಟ್ಟುಕೊಳ್ಳಿ. ಎರಡು ಸುತ್ತಿಗೆ ಚೈನ್ 36 ಕೊಂಡಿ ಮುಂದೆ ಹೋಗುತ್ತದೆ. ಮೊದಲಿನ ಜಾಗಕ್ಕೆ ಬರಲು 20 ಸುತ್ತು ಬೇಕು. ಬಣ್ಣದ ಕೊಂಡಿ ಜೋಡಿಸುವಾಗ ಮಾತ್ರ, ಆಮೇಲೆ ನೋಡಬೇಕಾದದ್ದು ಕ್ರ್ಯಾಂಕ್ ಮತ್ತು ಕ್ಯಾಮ್ ಗುರುತುಗಳನ್ನು. ಅದೇ 18 ಹಲ್ಲಿನ ಲೆಕ್ಕದಲ್ಲಿ ಒಂದು ಹಲ್ಲು ತಪ್ಪಿದರೆ ಕ್ರ್ಯಾಂಕಿನ 20 ಡಿಗ್ರಿ ತಪ್ಪಿದ ಹಾಗೆ. ಐಡ್ಲಿಂಗ್ ನಡುಗುತ್ತದೆ, ಪುಲ್ಲಿಂಗ್ ಇರುವುದಿಲ್ಲ, ಪಿ0016 ಮರಳಿ ಬರುತ್ತದೆ.

ಕವರಿನ ಎರಡೂ ಮುಖ ಬ್ರೇಕ್ ಕ್ಲೀನರಿನಿಂದ ಒರೆಸಿ, ಸುಮಾರು 3 ಮಿ.ಮೀ. ದಪ್ಪದ ಸಿಲಿಕೋನ್ ಎಳೆ ಎಲ್ಲೂ ಕಡಿಯದಂತೆ ಎಳೆಯಿರಿ. ಹೆಡ್ ಮತ್ತು ಬ್ಲಾಕ್ ಸೇರುವಲ್ಲಿ, ಬ್ಲಾಕ್ ಮತ್ತು ಚೇಂಬರ್ ಸೇರುವಲ್ಲಿ ಒಂದೊಂದು ಬೊಟ್ಟು ಹೆಚ್ಚಿಗೆ. ಲೀಕ್ ಆಗುವುದು ಆ ನಾಲ್ಕು ಮೂಲೆಗಳಲ್ಲೇ. ದಪ್ಪ ಹಚ್ಚಿದರೆ ಹೆಚ್ಚಾದದ್ದು ಒಳಗೆ ಹಿಂಡಿ, ಕಳಚಿ, ಸ್ಟ್ರೈನರ್ ಸೇರುತ್ತದೆ. ಹಚ್ಚಿದ ಹತ್ತು ನಿಮಿಷದೊಳಗೆ ಕವರ್ ಬಿಗಿಯಿರಿ, ಟ್ಯೂಬಿನಲ್ಲಿ ಹೇಳಿದಷ್ಟು ಹೊತ್ತು ಕಳೆಯದೆ ಆಯಿಲ್ ಹಾಕಬೇಡಿ.

ಪುಲ್ಲಿ, ಮೌಂಟಿಂಗ್, ಬೆಲ್ಟ್ ಕೂರಿಸಿ ಆಯಿಲ್ ಹಾಕಿ, ಬ್ಯಾಟರಿ ಜೋಡಿಸಿ. ಪ್ಲಗ್ ಹಾಕುವ ಮೊದಲು ಇಂಜೆಕ್ಟರ್ ಕನೆಕ್ಟರ್‌ಗಳನ್ನು ಕಳಚಿ, ಐದೈದು ಸೆಕೆಂಡಿನಂತೆ ಸ್ಟಾರ್ಟರ್ ತಿರುಗಿಸಿ, ಆಯಿಲ್ ಲೈಟ್ ಆರುವವರೆಗೆ. ಪ್ಲಗ್ ಇಲ್ಲದಾಗ ಎಂಜಿನ್ ಹಗುರವಾಗಿ ತಿರುಗುತ್ತದೆ, ಟೆನ್ಷನರ್ ತುಂಬುವವರೆಗೆ ಚೈನಿಗೆ ಭಾರ ಬೀಳುವುದಿಲ್ಲ. ನಂತರ ಪ್ಲಗ್, ಕಾಯಿಲ್, ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ. ಮೊದಲ ಸಲ ಎರಡು ಮೂರು ಸೆಕೆಂಡು ಸದ್ದು ಬಂದರೆ ಸರಿ, ಅದಕ್ಕಿಂತ ಹೆಚ್ಚು ಬಂದರೆ ತಕ್ಷಣ ಆಫ್ ಮಾಡಿ. ಕೋಡ್ ಅಳಿಸಿ, ಹತ್ತು ಕಿಲೋಮೀಟರ್ ಓಡಿಸಿ, ಕವರಿನ ಅಂಚಿಗೆ ಟಾರ್ಚ್ ಬಿಟ್ಟು ನೋಡಿ. ಒಳಗೆ ಕೆಸರು ಇದ್ದಿದ್ದರೆ ಸಾವಿರ ಕಿಲೋಮೀಟರ್‌ಗೇ ಆಯಿಲ್, ಫಿಲ್ಟರ್ ಮತ್ತೊಮ್ಮೆ ಬದಲಿಸಿ.

ಇಷ್ಟು ಹೇಳಿದ್ದು ಮುಂಭಾಗದಲ್ಲಿ ಚೈನ್ ಇರುವ ಸಣ್ಣ ಪೆಟ್ರೋಲ್ ಎಂಜಿನಿಗೆ. 1.3 ಡೀಸೆಲ್ ಸ್ವಿಫ್ಟ್, ಡಿಸೈರ್ ಇರುವವರು ಇದನ್ನು ನೋಡಿ ಹೊರಡಬೇಡಿ, ಅದಕ್ಕೆ ಕ್ಯಾಮ್ ಮತ್ತು ಕ್ರ್ಯಾಂಕ್ ಲಾಕ್ ಮಾಡುವ ಪಿನ್‌ಗಳು ಬೇಕು. ಬಿಎಂಡಬ್ಲ್ಯು ಎನ್47 ಡೀಸೆಲಿನಲ್ಲಿ ಚೈನ್ ಇರುವುದು ಗೇರ್‌ಬಾಕ್ಸ್ ಕಡೆ. ಅದು ಅಂಗಳದ ಕೆಲಸವೇ ಅಲ್ಲ.

ಪ್ರಶ್ನೆ: ಚೈನ್ ಮಾತ್ರ ಬದಲಿಸಿ ಹಳೆಯ ಟೆನ್ಷನರ್ ಉಳಿಸಿಕೊಳ್ಳಬಹುದೇ? ಗುಜರಿಯಲ್ಲಿ ಒಳ್ಳೆಯ ಚೈನ್ ಸಿಕ್ಕಿದೆ. (ಬ್ರಹ್ಮಾವರ)

ಎರಡೂ ಬೇಡ. ಎಷ್ಟು ಸವೆದಿದೆ ಎಂದು ಗೊತ್ತಿಲ್ಲದ ಚೈನಿಗೆ ಎರಡು ದಿನದ ದುಡಿಮೆ ಸುರಿಯುವುದು ತಪ್ಪು.

ಪ್ರಶ್ನೆ: ಆಷಾಢದ ಮಳೆಯಲ್ಲಿ ಸಿಲಿಕೋನ್ ಒಣಗುವುದಿಲ್ಲವಂತೆ, ನಿಜವೇ? (ಮಣಿಪಾಲ)

ಸುಳ್ಳು. ಆರ್‌ಟಿವಿ ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ, ಮಳೆಗಾಲದಲ್ಲಿ ಅದು ಇನ್ನೂ ಬೇಗ ಹಿಡಿಯುತ್ತದೆ. ಕೆಡಿಸುವುದು ಮುಖದ ಮೇಲೆ ಉಳಿದ ನೀರಹನಿ ಮತ್ತು ಆಯಿಲ್ ಪಸೆ. ಮೇಲೆ ಶೀಟಿನ ಮಾಡು ಇರಬೇಕು, ಅಷ್ಟೇ. ಹೇರ್ ಡ್ರೈಯರ್ ಹಿಡಿದು ಒಣಗಿಸಬೇಡಿ.

ಪ್ರಶ್ನೆ: ಇಳಿಸಿದ ಹಳೆಯ ಆಯಿಲನ್ನು ಗೆದ್ದಲಿಗೆಂದು ಬೇಲಿಗೂಟಕ್ಕೆ, ತೆಂಗಿನ ಬುಡಕ್ಕೆ ಹಾಕಬಹುದೇ? (ಹೆಬ್ರಿ)

ಖಂಡಿತ ಹಾಕಬೇಡಿ. ಮೊದಲ ಮಳೆಗೆ ಅದು ತೋಡು ಸೇರುತ್ತದೆ, ಮಣ್ಣಿನಲ್ಲಿ ಇಳಿದದ್ದು ನಿಮ್ಮದೇ ಬಾವಿಗೆ ಬರುತ್ತದೆ. ಕ್ಯಾನಿಗೆ ತುಂಬಿ, ಹಳೆಯ ಆಯಿಲ್ ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಡಿ.

ಪ್ರಶ್ನೆ: ಪಡುಬಿದ್ರಿ ಹತ್ತಿರ ಹೆದ್ದಾರಿಯಲ್ಲಿ ಟಪ್ಪೆಂದು ಸದ್ದಾಗಿ ಕಾರು ನಿಂತಿದೆ. ಸ್ಟಾರ್ಟರ್ ಹೊಡೆದರೆ ಎಂಜಿನ್ ತುಂಬ ಹಗುರವಾಗಿ ತಿರುಗುತ್ತದೆ. ತಳ್ಳಿ ಸ್ಟಾರ್ಟ್ ಮಾಡಬಹುದೇ? (ಮೂಲ್ಕಿ)

ತಳ್ಳಬೇಡಿ, ಸ್ಟಾರ್ಟರ್ ಇನ್ನೊಮ್ಮೆ ಮುಟ್ಟಬೇಡಿ. ಹಗುರವಾಗಿ ತಿರುಗುವುದೆಂದರೆ ಕಂಪ್ರೆಶನ್ ಇಲ್ಲ, ಚೈನ್ ಕಡಿದಿದೆ ಅಥವಾ ಹಲ್ಲು ಹಾರಿದೆ. ಪ್ರತಿ ಸಲ ತಿರುಗಿಸಿದಾಗಲೂ ಇನ್ನೊಂದು ವಾಲ್ವ್ ಬಾಗಬಹುದು. ಫ್ಲಾಟ್‌ಬೆಡ್ ಲಾರಿ ಕರೆಸಿ ಕಾರು ಸಾಗಿಸಿ. ಗ್ಯಾರೇಜಿನಲ್ಲಿ ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆಯ ಮೇಲೆ ವಾಲ್ವ್ ಬಡಿದ ಅರ್ಧಚಂದ್ರದ ಗುರುತು ಇದೆಯೇ ನೋಡಲು ಹೇಳಿ. ಇದ್ದರೆ ಹೆಡ್ ಇಳಿಸಬೇಕು. ಇಲ್ಲದಿದ್ದರೂ ಹೊಸ ಚೈನ್ ಹಾಕಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲು, ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ಅಳೆದು ಬರೆದುಕೊಡುವಂತೆ ಕೇಳಿ.